ಜನವರಿಯ ಸಿಡಿಲು

ನಮ್ಮ ಕಾಲೇಜಿನ ನೀಲಿ ಗಾಜು ಪುತ್ತೂರಿನ ಮುಖ್ಯರಸ್ತೆಗೆ ಚೆನ್ನಾಗಿ ಕಾಣುತ್ತದೆ. ಅದನ್ನು ನೋಡಿಯೇ ನಾವೆಲ್ಲ ಸೇರಿದ್ದು. ಆದರೆ ಆ ಗಾಜಿನ ಹಿಂದೆ ನಾವು ಕುಳಿತದ್ದು ಮೊದಲ ಕೆಲವು ತಿಂಗಳು ಮಾತ್ರ. ಆಮೇಲೆ "ಇನ್ನು ಪ್ರಾಕ್ಟಿಕಲ್" ಎಂದು ಹೇಳಿ, ಅದೇ ಟ್ರಸ್ಟಿನ ಪಕ್ಕದ ಆಸ್ಪತ್ರೆಯ ನೆಲಮಾಳಿಗೆಗೆ ಇಳಿಸಿದರು. ಅಲ್ಲಿಂದ ಮೇಲೆ ಬರುವ ದಾರಿ ಯಾರೂ ತೋರಿಸಲಿಲ್ಲ.

ನೆಲಮಾಳಿಗೆ ಎಂದರೆ ರೆಕಾರ್ಡ್ ರೂಮು. ಕಿಟಕಿ ಇಲ್ಲ. ಇರುವ ಒಂದು ಎಕ್ಸಾಸ್ಟ್ ಫ್ಯಾನಿನಲ್ಲಿ ಪಾರಿವಾಳ ಗೂಡು ಕಟ್ಟಿದೆ, ಹಾಗಾಗಿ ಅದನ್ನು ಹಾಕುವಂತಿಲ್ಲ. ಪಾರಿವಾಳದ ಮೇಲೆ ಇರುವ ಕನಿಕರ ನಮ್ಮ ಮೇಲೆ ಯಾರಿಗೂ ಇರಲಿಲ್ಲ. ಹಳೆಯ ಫೈಲುಗಳ ಧೂಳು, ಫಿನಾಯಿಲಿನ ವಾಸನೆ, ಗೋಡೆಯಾಚೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಿಂದ ಬರುವ ಹಬೆ. ಬೆಳಿಗ್ಗೆ ಬಂದು ಕುಳಿತರೆ ಸಂಜೆಯ ಬಸ್ಸಿನ ಹೊತ್ತಿಗೆ ಏಳುವುದು. ಮನೆಗೆ ಹೋಗಿ ಮುಖ ಒರೆಸಿದರೆ ಟವೆಲು ಕಪ್ಪಾಗುತ್ತದೆ.

ಕೋರ್ಸಿನ ಹೆಸರು ಹೆಲ್ತ್ ಇನ್‌ಫರ್ಮೇಶನ್ ಮ್ಯಾನೇಜ್‌ಮೆಂಟ್. ಊರಲ್ಲಿ ಕೇಳಿದವರಿಗೆ ಅರ್ಥ ಮಾಡಿಸುವಷ್ಟರಲ್ಲಿ ಬಾಯಿ ಒಣಗುತ್ತದೆ. ನಾನು ನಶೀದಾ, ಕಬಕದವಳು. ನನ್ನ ತಾಯಿ, ಉಮ್ಮ ಪಾತು, ಮೊದಲ ದಿನವೇ ಬ್ಯಾರಿ ಭಾಷೆಯಲ್ಲಿ ವಿಚಾರಣೆ ಮಾಡಿದ್ದರು. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ನರ್ಸಿನದ್ದಾ?"

"ಅಲ್ಲ ಉಮ್ಮ."

"ಕಂಪ್ಯೂಟರಿನದ್ದಾ?"

"ಅದೂ ಅಲ್ಲ."

"ಮತ್ತೆ ಎಂತದ್ದು ಮಾರಾಯ್ತಿ ಅದು?"

ವಿಷಯ ದೊಡ್ಡದೇನಲ್ಲ. ಆಸ್ಪತ್ರೆಗೆ ಬಂದ ಪ್ರತಿಯೊಬ್ಬನ ಕಾಯಿಲೆಗೂ ಗಾಯಕ್ಕೂ ಒಂದು ಅಂಕಿ ಉಂಟು. ಅದಕ್ಕೆ ಕೋಡ್ ಎನ್ನುತ್ತಾರೆ. ಮರದಿಂದ ಬಿದ್ದರೆ ಒಂದು ಕೋಡ್, ಏಣಿಯಿಂದ ಬಿದ್ದರೆ ಬೇರೆಯೇ. ನಾಯಿ ಕಚ್ಚಿದರೆ ಒಂದು, ಹಾವು ಕಚ್ಚಿದರೆ ಇನ್ನೊಂದು. ಡಾಕ್ಟರು ಬರೆದದ್ದನ್ನು ಓದಿ ಆ ಅಂಕಿ ಹಾಕುವವರು ನಾವು. ಅಂಕಿ ಬೀಳದೆ ವಿಮೆಯಿಂದಾಗಲಿ ಸರ್ಕಾರದ ಯೋಜನೆಯಿಂದಾಗಲಿ ಆಸ್ಪತ್ರೆಗೆ ಬರಬೇಕಾದದ್ದು ಬರುವುದಿಲ್ಲ. ಬೇರೆ ಕಡೆ ಈ ಕೆಲಸಕ್ಕೆ ಸಂಬಳ ಕೊಟ್ಟು ಜನ ಇಟ್ಟುಕೊಳ್ಳುತ್ತಾರಂತೆ. ನಮ್ಮಲ್ಲಿ ನಾವೇ ಇದ್ದೆವಲ್ಲ. ನಾವು ಕೆಲಸವನ್ನೂ ಮಾಡಿ, ಫೀಸನ್ನೂ ಕಟ್ಟುವವರು.

ಬಿಟ್ಟು ಹೋಗಬಹುದಿತ್ತಲ್ಲ ಎಂದು ಕೇಳುವವರು ಕೇಳುತ್ತಾರೆ. ಹೋಗುವುದು ಹೇಗೆ? ಸೇರುವಾಗ ಎಸ್ಸೆಸ್ಸೆಲ್ಸಿ, ಪಿಯುಸಿಯ ಅಸಲು ಮಾರ್ಕ್ಸ್ ಕಾರ್ಡುಗಳನ್ನು "ಪರಿಶೀಲನೆಗೆ" ಎಂದು ತೆಗೆದುಕೊಂಡಿದ್ದರು. ಪರಿಶೀಲನೆ ಇನ್ನೂ ಮುಗಿದಿಲ್ಲ. ಅವೆಲ್ಲ ಆಫೀಸಿನ ಉಕ್ಕಿನ ಕಪಾಟಿನೊಳಗೆ ಇವೆ. ಪೂರ್ತಿ ಕೋರ್ಸಿನ ಫೀಸು ಕಟ್ಟಿದರೆ ಬೀಗ ತೆಗೆಯುತ್ತಾರೆ, ಇಲ್ಲದಿದ್ದರೆ ಇಲ್ಲ. ಕಾಲಿಗೆ ಹಗ್ಗ ಕಟ್ಟಿದರೆ ಕಡೇಪಕ್ಷ ಕಾಣುತ್ತದೆ. ಇದು ಕಾಣುವುದೂ ಇಲ್ಲ.

ನಮಗೆ ಪಾಠ ಮಾಡುವ ರಕ್ಷಿತ್ ಸರ್ ಅರಂತೋಡಿನವರು. ನಮಗಿಂತ ಐದಾರು ವರ್ಷ ದೊಡ್ಡವರಿರಬಹುದು. ನಮ್ಮ ಕ್ಲಾಸಿನ ಹುಡುಗ ಸಫೀರ್ ಒಮ್ಮೆ ಅವರನ್ನು ಕೇಳಿಯೇ ಬಿಟ್ಟ.

"ಸರ್, ನೀವಾದ್ರೂ ಬೇರೆ ಕಡೆ ಹೋಗ್ಬಹುದಲ್ವಾ?"

ಸರ್ ಕನ್ನಡಕ ಒರೆಸುತ್ತಾ ಹೇಳಿದರು, "ನನ್ನದೂ ಒಳಗೇ ಉಂಟು ಮಾರಾಯ."

ಆಮೇಲೆ ಆ ವಿಷಯ ಯಾರೂ ಎತ್ತಲಿಲ್ಲ. ಆದರೆ ಒಂದು ಮಾತು ಹೇಳಬೇಕು, ಸರ್ ಪಾಠ ಮಾತ್ರ ಪ್ರಾಮಾಣಿಕವಾಗಿ ಮಾಡುತ್ತಿದ್ದರು. "ಫೈಲಿನಲ್ಲಿ ಬರೆಯದ್ದು ನಡೆದೇ ಇಲ್ಲ ಅಂತ ಲೆಕ್ಕ" ಎಂಬುದು ಅವರ ಮೊದಲ ಪಾಠ. "ಬರೆದದ್ದರ ಮೇಲೆ ಸಂಶಯ ಬಂದರೆ ಊಹೆ ಮಾಡಬೇಡಿ. ಡಾಕ್ಟರಿಗೆ ಕ್ವೆರಿ ಹಾಕಿ. ಎಂದರೆ ಪ್ರಶ್ನೆ ಕಳಿಸಿ. ಸರಿಯಾದ ಉತ್ತರ ಬರುವ ತನಕ ಆ ಫೈಲನ್ನು ಮುಚ್ಚುವ ಹಾಗಿಲ್ಲ" ಎಂಬುದು ಎರಡನೆಯದು. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದೆವು. ಬದುಕಿಗೆ ಬೇಕಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಇನ್ನು ಭವಿತಾಳ ಮಾತು. ನನ್ನ ಪಕ್ಕದ ಕುರ್ಚಿಯವಳು. ಕಾಣಿಯೂರಿನ ಕಡೆಯವಳು. ಅವಳ ಅಪ್ಪ ಗುರುವಪ್ಪ ನಮ್ಮ ಟ್ರಸ್ಟಿನ ಅಧ್ಯಕ್ಷ ಮೇದಪ್ಪನವರ ತೋಟದಲ್ಲಿ ಕೆಲಸಕ್ಕಿದ್ದವರು. ತೋಟದ ಅಂಚಿನ ಶೀಟಿನ ಮನೆಯಲ್ಲಿ ಅವರ ಬಿಡಾರ. ದೂರದ ಲೆಕ್ಕದಲ್ಲಿ ಮೇದಪ್ಪನವರಿಗೆ ಸಂಬಂಧ ಬೇರೆ. ಆ ಸಂಬಂಧ ಕೆಲಸಕ್ಕೆ ಕರೆಯುವಾಗ ಹತ್ತಿರ, ಊಟಕ್ಕೆ ಎಲೆ ಹಾಕುವಾಗ ದೂರ.

ಭವಿತಾ ಪಿಯುಸಿ ಮುಗಿಸಿದಾಗ ಮೇದಪ್ಪನವರೇ ಕರೆದು ಹೇಳಿದ್ದಂತೆ: "ಗುರುವಪ್ಪ, ನಿನ್ನ ಮಗಳಿಗೆ ನನ್ನ ಕಾಲೇಜಿನಲ್ಲಿ ಸೀಟು. ಫೀಸು ಬೇಡ. ನೀನು ತೋಟ ಬಿಟ್ಟು ಎಲ್ಲಿಗೂ ಹೋಗ್ಬೇಡ, ಅಷ್ಟೇ."

ಗುರುವಪ್ಪ ಆಗ ಎಲ್ಲಿಗೂ ಹೋಗುವವರಿರಲಿಲ್ಲ. ಆದರೆ ಆ ಮಾತಿನ ನಂತರ ಹೋಗಬೇಕೆಂದರೂ ಹೋಗುವಂತಿರಲಿಲ್ಲ. ನಮ್ಮ ಹಗ್ಗ ಕಪಾಟಿನಲ್ಲಿತ್ತು. ಅವರ ಹಗ್ಗ ಮಗಳೇ ಆಗಿದ್ದಳು.

ಭವಿತಾಳಿಗೆ ಇದು ಗೊತ್ತಿತ್ತು. ಅದಕ್ಕೇ ಅವಳು ನಮ್ಮೆಲ್ಲರಿಗಿಂತ ಹೆಚ್ಚು ಫೈಲು ಮಾಡುತ್ತಿದ್ದಳು. "ಬೇಗ ಕೋರ್ಸು ಮುಗಿಸಿ ಮಂಗಳೂರಲ್ಲಿ ಕೆಲಸ ಹಿಡಿದು ಅಪ್ಪನನ್ನು ಆ ತೋಟದಿಂದ ಬಿಡಿಸ್ಬೇಕು ನಶೀ" ಎನ್ನುತ್ತಿದ್ದಳು. ಬೇರೆ ಆಸೆ ಅವಳ ಬಾಯಲ್ಲಿ ನಾನು ಕೇಳಿದ್ದಿಲ್ಲ.

ಜನವರಿಯ ಒಂದು ಬೆಳಿಗ್ಗೆ ಅವಳ ಫೋನು ಬಡಿದುಕೊಂಡಿತು. ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗುವುದೇ ಅಪರೂಪ. ಸಿಕ್ಕಿದ ದಿನ ಇಂಥ ಸುದ್ದಿ.

"ಅಪ್ಪನಿಗೆ ಕರೆಂಟ್ ಹೊಡ್ದಿದೆ ಅಂತೆ. ಇಲ್ಲಿಗೇ ತರ್ತಿದ್ದಾರೆ ಅಂತೆ." ಅಷ್ಟು ಹೇಳಿ ಮೆಟ್ಟಿಲು ಹತ್ತಿ ಓಡಿದಳು. ನಾನೂ ಹಿಂದೆ ಓಡಿದೆ.

ಮೇಲೆ ಗುರುವಪ್ಪನನ್ನು ಜೀಪಿನಿಂದ ಇಳಿಸುತ್ತಿದ್ದರು. ಬಲಗೈ ಮೊಣಕೈ ತನಕ ಸುಟ್ಟಿತ್ತು. ಬಟ್ಟೆಯ ವಾಸನೆಯೋ ಮಾಂಸದ ವಾಸನೆಯೋ ಎಂದು ಆಗ ನಾನು ಯೋಚಿಸಲಿಲ್ಲ. ಈಗಲೂ ಯೋಚಿಸಲು ಮನಸ್ಸಿಲ್ಲ. ಅವಳ ಅಮ್ಮ ಲೋಲಾಕ್ಷಿ ಎದೆ ಬಡಿದುಕೊಳ್ಳುತ್ತಾ ಹಿಂದೆ ಬಂದರು. ಕಾರಿಡಾರಿನ ಬೆಂಚಿನಲ್ಲಿ ಕುಳ್ಳಿರಿಸಿ ನೀರು ಕೊಟ್ಟ ಮೇಲೆ ಸಿಕ್ಕಿದವರಿಗೆಲ್ಲ ಹೇಳಿದರು.

"ಹೊಸ ದೋಟಿ ತಂದಿದ್ರು ಮಗಾ ಧಣಿಗಳು. ಕಾರ್ಬನ್‌ದ್ದು. ನೆಲದಲ್ಲೇ ನಿಂತು ಅಡಕೆ ಕೊಯ್ಯುದು, ಮರ ಹತ್ತುದು ಬೇಡ ಅಂತ. ಮೇಲಿನ ಸಾಲಿನ ಮೇಲೆ ಕರೆಂಟಿನ ದೊಡ್ಡ ಲೈನ್ ಹೋಗ್ತದಲ್ವಾ. ಇವ್ರು ಹೇಳಿದ್ರು, ಧಣಿಗಳೇ, ಆ ಸಾಲು ಕೊಯ್ಯುವಾಗ ಲೈನ್ ಆಫ್ ಮಾಡಿಸುವ ಅಂತ. ಲೈನ್ ಆಫ್ ಮಾಡಿಸಿದ್ರೆ ಪಂಪು ನಿಲ್ತದೆ, ತೋಟಕ್ಕೆ ನೀರು ನಿಲ್ತದೆ, ಅದೆಲ್ಲ ಬೇಡ ಅಂದ್ರು. ಫೈಬರ್ ಅಲ್ವನಾ, ಕರೆಂಟು ಹಿಡಿಯುದಿಲ್ಲ, ಹೆದರ್ಬೇಡ ಅಂದ್ರು. ಅಲ್ಲೇ ನಿಂತಿದ್ರು. ನಾನೂ ಅಡಕೆ ಹೆಕ್ಕುತ್ತಾ ಇದ್ದೆ."

ದೋಟಿ ಎಂದರೆ ಕೊಯ್ಯುವ ಉದ್ದ ಕೋಲು. ಕಾರ್ಬನ್ನಿನದ್ದು ಕರೆಂಟು ಹಿಡಿಯುತ್ತದೆ. ತಂತಿಯ ಪೂರ್ತಿ ಕರೆಂಟನ್ನು ಅದು ಗುರುವಪ್ಪನ ಕೈಗೆ ಇಳಿಸಿತ್ತು. ಮಾರುವವನಿಗೆ ಗೊತ್ತಿರುತ್ತದೆ, ಕೊಳ್ಳುವವನಿಗೂ ಗೊತ್ತಿರುತ್ತದೆ. ಹಿಡಿಯುವವನಿಗೆ ಮಾತ್ರ ಯಾರೂ ಹೇಳುವುದಿಲ್ಲ.

ಇಂಥ ಸುಟ್ಟಗಾಯಕ್ಕೆ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಬೇಕೆಂದು ನರ್ಸುಗಳೇ ಪಿಸುಗುಟ್ಟುತ್ತಿದ್ದರು. ಕಳಿಸಲಿಲ್ಲ. ಅಲ್ಲಿ ಕೇಳುವವರಿರುತ್ತಾರೆ, ಪೊಲೀಸರಿಗೆ ತಿಳಿಸುತ್ತಾರೆ. ಇಲ್ಲಿ ಮೇದಪ್ಪನವರ ಮಾತೇ ಕೊನೆ. ಮೊಣಕೈಯ ಕೆಳಗೆ ಕತ್ತರಿಸಿದರು. ಅಡಕೆ ಸುಲಿಯುವ, ಗೊಬ್ಬರ ಹೊರುವ, ಮಗಳು ಚಿಕ್ಕವಳಿದ್ದಾಗ ಶಾಲೆಗೆ ಕರೆದುಕೊಂಡು ಹೋದ ಕೈ ಅದು. ಭವಿತಾ ಅಳಲಿಲ್ಲ. ಆಪರೇಶನ್ ಕೋಣೆಯ ಹೊರಗೆ ಗೋಡೆಗೆ ಒರಗಿ ನಿಂತೇ ಇದ್ದಳು. ಕುಳಿತುಕೊಳ್ಳೇ ಎಂದರೆ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಮೇದಪ್ಪನವರು ವಾರ್ಡಿಗೆ ಬಂದರು. ಹಣ್ಣಿನ ಚೀಲ, ಬಿಳಿ ಅಂಗಿ, ಕನಿಕರದ ಮುಖ. ನಾನು ಭವಿತಾಳಿಗೆ ಊಟ ತಂದವಳು ಅಲ್ಲೇ ಇದ್ದೆ. ನನ್ನನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

"ಎಂತ ಮಾಡುದು ಗುರುವಪ್ಪ, ಹಣೆಬರಹ" ಎಂದು ಸ್ಟೂಲು ಎಳೆದು ಕುಳಿತರು. "ನೋಡು, ನಾನು ಡಾಕ್ಟ್ರ ಹತ್ರ ಮಾತಾಡಿದ್ದೇನೆ. ಸಿಡಿಲು ಬಡಿದದ್ದು ಅಂತ ಬರೆಸ್ತೇನೆ."

ಲೋಲಾಕ್ಷಿ ತಲೆ ಎತ್ತಿದರು. "ಸಿಡಿಲಾ ಧಣಿಗಳೇ?"

"ಹೌದು ಮಾರಾಯ್ತಿ. ಕರೆಂಟು ಅಂತ ಬರೆದ್ರೆ ಪೊಲೀಸು, ಕೋರ್ಟು, ಕರೆಂಟಿನವರ ತನಿಖೆ. ನೀವು ತಿರುಗಿ ತಿರುಗಿ ಸಾಯ್ತೀರಿ. ಸಿಡಿಲು ಅಂದ್ರೆ ಯಾರ ತಪ್ಪೂ ಅಲ್ಲ. ಸರ್ಕಾರದಿಂದ ಎಂತಾದ್ರೂ ಸಿಕ್ಕಿದ್ರೂ ಸಿಕ್ಕೀತು, ನಾನೇ ತಾಲೂಕಾಫೀಸಿನಲ್ಲಿ ಹೇಳ್ತೇನೆ. ಇಲ್ಲಿಯ ಬಿಲ್ಲು ಬೇಡ. ಮನೆಯಲ್ಲಿ ಇರಿ. ಮಗಳ ಓದು ಮುಗಿಯಲಿ." ಸ್ವಲ್ಪ ತಡೆದು ಮಗಳ ಕಡೆ ನೋಡಿದರು. "ಅವಳ ಸರ್ಟಿಫಿಕೇಟುಗಳೆಲ್ಲ ನಮ್ಮಲ್ಲೇ ಭದ್ರವಾಗಿ ಉಂಟಲ್ವಾ."

ಬೈಗುಳವೂ ಇಲ್ಲ, ಜೋರು ಮಾತೂ ಇಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಸಿ ಎದ್ದು ಹೋದರು. ನನಗೆ ಮೈ ಉರಿಯಿತು. ಜನವರಿ ತಿಂಗಳು! ಊರಲ್ಲೆಲ್ಲ ಅಡಕೆ ಅಂಗಳದಲ್ಲಿ ಒಣಗುತ್ತಿದೆ. ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ. ನಮ್ಮ ಕಡೆ ಸಿಡಿಲೇನು ಅಪರೂಪವಲ್ಲ, ಏಪ್ರಿಲ್ ಮೇಯಲ್ಲಿ ಬೇಕಾದಷ್ಟು ಬೀಳುತ್ತದೆ. ಆದರೆ ಯಾವ ಸಿಡಿಲೂ ಹೀಗೆ ಹೇಳಿದ ಮಾತು ಕೇಳುವುದಿಲ್ಲ.

ಅವರು ಹೋದ ಮೇಲೆ ಗುರುವಪ್ಪ ಮಗಳ ಹತ್ತಿರ ಅವರ ಮನೆಮಾತಾದ ಅರೆಭಾಷೆಯಲ್ಲಿ ಮಾತಾಡಿದರು. ನನಗೆ ಅದು ಮುಕ್ಕಾಲು ಅರ್ಥವಾಗುತ್ತದೆ. ಸಿಡಿಲು ಅಂತಲೇ ಆಗಲಿ ಮಗಾ ಎಂದರು. ಹೋದ ಕೈ ಕೇಸು ಹಾಕಿದರೆ ಬರುತ್ತದಾ ಎಂದರು. ನೀನು ಓದಿ ಹೊರಗೆ ಹೋಗು, ನನಗೆ ಅಷ್ಟು ಸಾಕು ಎಂದರು. ಭವಿತಾ ಎಲ್ಲದಕ್ಕೂ "ಗೊತ್ಲೆ ಅಪ್ಪ, ಗೊತ್ಲೆ" ಎಂದಷ್ಟೇ ಹೇಳಿದಳು. ಗೊತ್ತಿಲ್ಲ ಎಂದು ಅರ್ಥ. ನಿಜಕ್ಕೂ ಅವಳಿಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಸಿಡಿಲು ಎಂದರೆ ಅಪ್ಪನ ಕೈಗೆ ಯಾರೂ ಜವಾಬ್ದಾರರಲ್ಲ. ತಂತಿ ಎಂದರೆ ಮನೆಯೂ ಹೋಯಿತು, ಓದೂ ಹೋಯಿತು, ಪಿಯುಸಿ ಪಾಸಾದದ್ದಕ್ಕೆ ಸಾಕ್ಷಿಯೂ ಹೋಯಿತು.

ಆ ವಾರದ ಕೊನೆಗೆ ಫೈಲು ಕೆಳಗೆ ಬಂತು.

ಸರ್ಜರಿ ವಾರ್ಡಿನ ಫೈಲುಗಳು ನನ್ನ ಮತ್ತು ಭವಿತಾಳ ಮೇಜಿಗೇ ಬರುವುದು. ಮೇಲಿನವರಿಗೆ ಅಷ್ಟು ಯೋಚನೆಯೂ ಇರಲಿಲ್ಲ. ಯಾರ ಅಪ್ಪ, ಯಾರ ಮಗಳು ಎಂದು ನೋಡುವ ಅಭ್ಯಾಸ ಅವರಿಗೆ ಎಲ್ಲಿದೆ? ಭವಿತಾ ಫೈಲು ತೆರೆದಳು. ಡಾಕ್ಟರು ಬರೆದಿದ್ದರು: ಸಿಡಿಲು ಬಡಿದು ಸುಟ್ಟ ಗಾಯ. ಅದಕ್ಕೆ ಕೋಡ್ ಎಕ್ಸ್ ಮೂವತ್ತಮೂರು. ವಿದ್ಯುತ್ ತಂತಿ ತಗಲಿದ್ದಾದರೆ ಡಬ್ಲ್ಯೂ ಎಂಬತ್ತೈದು. ಎರಡೂ ನಮಗೆ ಬಾಯಿಪಾಠ.

ಅವಳು ಕೀಬೋರ್ಡಿನ ಮೇಲೆ ಕೈ ಇಟ್ಟು ಕುಳಿತಳು. ಒತ್ತಲಿಲ್ಲ. ರಕ್ಷಿತ್ ಸರ್ ಬಂದು ಅವಳ ಹಿಂದೆ ನಿಂತರು. ಅವರಿಗೂ ಎಲ್ಲ ಗೊತ್ತಿತ್ತು. ಆಸ್ಪತ್ರೆಯ ಕಸ ಗುಡಿಸುವವರಿಗೂ ಗೊತ್ತಿತ್ತು.

"ಭವಿತಾ, ಬರೆದದ್ದನ್ನು ಕೋಡ್ ಮಾಡುದು ನಮ್ಮ ಕೆಲಸ. ಹಾಕಿ ಮುಗಿಸಿ ಬಿಡು."

"ಸರ್, ಸಂಶಯ ಬಂದ್ರೆ?"

ಸರ್ ಕನ್ನಡಕ ತೆಗೆದು ಒರೆಸತೊಡಗಿದರು.

"ಸಂಶಯ ಬಂದ್ರೆ ಎಂತ ಮಾಡ್ಬೇಕು ಅಂತ ನೀವೇ ಕಲಿಸಿದ್ದಲ್ವಾ ಸರ್?"

"ಕಲಿಸಿದ್ದು ಹೌದು" ಎಂದರು ಸರ್. ಅವರ ಮುಖ ಸುಟ್ಟ ಬದನೆಯ ಹಾಗಾಗಿತ್ತು. "ನಾನು ನೋಡ್ಲಿಲ್ಲ ಅಂತ ತಿಳ್ಕೊ" ಎಂದು ಆಚೆ ಹೋದರು.

ಭವಿತಾ ಕ್ವೆರಿ ಹಾಕಿದಳು. ನಾನು ಪಕ್ಕದಲ್ಲೇ ಓದಿದೆ. ಸಿಟ್ಟಿನ ಒಂದು ಮಾತೂ ಅದರಲ್ಲಿ ಇರಲಿಲ್ಲ. "ಘಟನೆಯ ದಿನ ಗುಡುಗು, ಮಳೆ ಇರಲಿಲ್ಲ. ಕಾರ್ಬನ್ ದೋಟಿ ವಿದ್ಯುತ್ ತಂತಿಗೆ ತಗಲಿತೆಂದು ರೋಗಿಯ ಹೆಂಡತಿ ಹೇಳಿದ್ದಾರೆ. ಗಾಯದ ಕಾರಣವನ್ನು ದಯವಿಟ್ಟು ಸ್ಪಷ್ಟಪಡಿಸಿ." ಅಷ್ಟೇ. ಇದನ್ನು ಹಾಕುವುದಕ್ಕೆ ಅವಳಿಗೆ ಎಷ್ಟು ಧೈರ್ಯ ಬೇಕಾಯಿತು ಎಂದು ಅವಳ ಕುತ್ತಿಗೆಯ ಬೆವರು ನೋಡಿದ ನನಗೆ ಗೊತ್ತು.

ಉತ್ತರ ಊಟದ ಹೊತ್ತಿಗೆ ಬಂತು. "ಸಿಡಿಲು." ಒಂದೇ ಶಬ್ದ.

ಅವಳು ಮತ್ತೆ ಹಾಕಿದಳು. ಉತ್ತರ ಬರಲಿಲ್ಲ. ಅದರ ಬದಲು ಅವಳ ಲಾಗಿನ್ ಬಂದ್ ಆಯಿತು. ಪಾಸ್‌ವರ್ಡ್ ಹಾಕಿದರೆ ಕಂಪ್ಯೂಟರು ಒಳಗೆ ಬಿಡಲಿಲ್ಲ. ಮೇಲಿನಿಂದ ಒಬ್ಬ ಗುಮಾಸ್ತ ಬಂದು ಫೈಲನ್ನು ಅವಳ ಮುಂದಿನಿಂದ ಎತ್ತಿ ನನ್ನ ಮುಂದೆ ಇಟ್ಟ.

"ನೀನು ಮಾಡು. ಬೇಗ. ಇವತ್ತೇ ಕ್ಲೋಸ್ ಆಗ್ಬೇಕಂತೆ."

ನನಗೆ ಹೆದರಿಕೆಯಾಯಿತು. ಸುಳ್ಳು ಯಾಕೆ ಹೇಳಲಿ? ನನ್ನ ತಂಗಿ ಸುಹಾನಾಳನ್ನೂ ಮುಂದಿನ ವರ್ಷ ಓದಿಸಬೇಕು. ನಾನು ಮೊದಲು ಹೊರಬಿದ್ದರೆ ಮಾತ್ರ ಅವಳ ಸರದಿ. ಉಮ್ಮ ಬೀಡಿ ಕಟ್ಟಿ ಕಟ್ಟಿ ಬೆರಳು ಸೊಟ್ಟಗಾಗಿದೆ. ಕಪಾಟಿನೊಳಗಿನ ನನ್ನ ಮಾರ್ಕ್ಸ್ ಕಾರ್ಡು ಕಣ್ಣಿಗೆ ಬಂತು. ಆಮೇಲೆ ಪಕ್ಕದಲ್ಲಿ ಕಪ್ಪು ಪರದೆಯ ಮುಂದೆ ಸುಮ್ಮನೆ ಕುಳಿತ ಭವಿತಾ ಕಂಡಳು. ಅವಳು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಬಹುಶಃ ನಾನು ಹಿಂದೆ ಸರಿಯುತ್ತಿದ್ದೆನೋ ಏನೋ.

ನಾನೂ ಕ್ವೆರಿ ಹಾಕಿದೆ. ಅವಳ ಮಾತನ್ನೇ ಬರೆದು, ಕೊನೆಗೆ "ಜನವರಿಯಲ್ಲಿ ಸಿಡಿಲು ಹೇಗೆ?" ಎಂದು ಸೇರಿಸಿದೆ. ನನ್ನ ನಾಲಿಗೆ ಸ್ವಲ್ಪ ಉದ್ದ. ನನ್ನ ಲಾಗಿನ್ ಬಂದ್ ಆಗಲು ಒಂದು ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ.

ಫೈಲು ಸಫೀರನ ಮೇಜಿಗೆ ಹೋಯಿತು. ಸಫೀರ್ ಎಂದರೆ ಜೋಕು ಬಿಟ್ಟರೆ ಬೇರೆ ಗೊತ್ತಿಲ್ಲದವ. ಅವನ ಅಣ್ಣ ಜಾಸಿರ್ ಸೌದಿಯ ದಮ್ಮಾಮಿನಲ್ಲಿ ದುಡಿದು ಫೀಸು ಕಳಿಸುವುದು.

"ಎಂತ ಮಾಡ್ತಿ?" ಎಂದೆ.

"ನನಗೂ ಒಂಚೂರು ಸಂಶಯ ಬರ್ತಾ ಉಂಟು ಮಾರಾಯ್ತಿ" ಎಂದ. ಹಾಕಿದ.

ಅಲ್ಲಿಂದ ಪ್ರೀತಿಕಾ. ಅವಳು ಯಾರ ಜೊತೆಗೂ ಹೆಚ್ಚು ಮಾತಾಡದ ಸುಳ್ಯದ ಹುಡುಗಿ. ಅಳುತ್ತಲೇ ಹಾಕಿದಳು. ಅವಳ ಹಿಂದಿನವರು ಅಳದೆ ಹಾಕಿದರು. ಮೇಜಿನಿಂದ ಮೇಜಿಗೆ ಫೈಲು ಹೋಗುತ್ತಿತ್ತು, ಹಿಂದಿನಿಂದ ಒಂದೊಂದೇ ಪರದೆ ಕಪ್ಪಾಗುತ್ತಿತ್ತು. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಘೋಷಣೆ ಇಲ್ಲ, ಬ್ಯಾನರಿಲ್ಲ. ಪರೀಕ್ಷೆಗೆ ಓದಿದ ಪಾಠವನ್ನು ಒಬ್ಬೊಬ್ಬರೇ ಒಪ್ಪಿಸುತ್ತಿದ್ದೆವು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಕೋಡ್ ಹಾಕುವವರು ಒಬ್ಬರೂ ಉಳಿಯಲಿಲ್ಲ. ಆಗ ಗೊತ್ತಾಯಿತು ನಾವು ಏನೆಂದು. ಹೆರಿಗೆಯ ಫೈಲು, ಹರ್ನಿಯಾದ ಫೈಲು, ಡೆಂಗ್ಯೂ ಫೈಲು ಎಲ್ಲವೂ ಮೆಟ್ಟಿಲ ಹತ್ತಿರ ರಾಶಿ ಬಿದ್ದವು. ಮೇಲಿನ ಕ್ಲೇಮಿನ ಕೋಣೆಯವರು ಫೋನಿನ ಮೇಲೆ ಫೋನು ಮಾಡಿದರು. ನಾವು ಕೈ ಕಟ್ಟಿ ಕುಳಿತಿದ್ದೆವು. ಕಲಿಯುವ ಮಕ್ಕಳಲ್ಲವಾ ನಾವು? ಮಕ್ಕಳು ಒಂದು ದಿನ ಕಲಿಯದಿದ್ದರೆ ಆಸ್ಪತ್ರೆ ಯಾಕೆ ನಿಲ್ಲಬೇಕು?

ಸಂಜೆಯಾಗುವ ಮೊದಲು ಮೇದಪ್ಪನವರು ಸ್ವತಃ ನೆಲಮಾಳಿಗೆಗೆ ಇಳಿದರು. ನಾವು ಅಲ್ಲಿಗೆ ಬಂದ ಮೇಲೆ ಅವರು ಇಳಿದದ್ದು ಅದೇ ಮೊದಲು. ಹಬೆಗೆ ಕರ್ಚೀಫು ಮೂಗಿಗೆ ಹಿಡಿದರು. ಹಿಂದಿನಿಂದ ಲಿಫ್ಟಿನ ಬಾಗಿಲು ತೆರೆಯಿತು. ಗಾಲಿಕುರ್ಚಿಯಲ್ಲಿ ಗುರುವಪ್ಪ. ಬಲಗೈಯ ಬ್ಯಾಂಡೇಜು ಮಡಿಲಲ್ಲಿ. ಕುರ್ಚಿ ತಳ್ಳುತ್ತಿದ್ದವರು ಲೋಲಾಕ್ಷಿ. ಕೈ ಕಳೆದುಕೊಂಡವರನ್ನು ಹೀಗೆ ಮೆರವಣಿಗೆ ಮಾಡಿ ತಂದದ್ದು ನೋಡಿ ನಮ್ಮಲ್ಲಿ ಕೆಲವರು ಎದ್ದು ನಿಂತರು.

"ಕುಳ್ಳಿರಿ, ಕುಳ್ಳಿರಿ" ಎಂದರು ಮೇದಪ್ಪನವರು. ದನಿ ಈಗಲೂ ಮೆತ್ತಗೆ. "ನೀವೆಲ್ಲ ನಮ್ಮ ಮಕ್ಕಳು. ಯಾರೋ ತಲೆ ಕೆಡಿಸಿದ್ದಾರೆ. ಈ ಹುಡುಗಿಗೆ ಫೀಸಿಲ್ಲದೆ ಸೀಟು ಕೊಟ್ಟದ್ದು ಯಾರು? ಅವಳಪ್ಪನ ಬಿಲ್ಲು ಬಿಟ್ಟದ್ದು ಯಾರು? ಉಪ್ಪು ತಿಂದ ಮನೆಗೆ ಎರಡು ಬಗೆಯುದಾ?" ಎಂದು ಭವಿತಾಳ ಕಡೆ ತಿರುಗಿದರು. "ನಾನು ಹೇಳುದು ಬೇಡ. ಡಾಕ್ಟ್ರು ಹೇಳುದೂ ಬೇಡ. ಪೆಟ್ಟಾದವನೇ ಹೇಳ್ಲಿ. ಹೇಳು ಗುರುವಪ್ಪ. ಎಂತ ಆದ್ದು?"

ಗುರುವಪ್ಪ ನೆಲ ನೋಡುತ್ತಿದ್ದರು.

"ಸಿಡಿಲು" ಎಂದರು.

"ಕೇಳಿದ್ರಲ್ಲ?" ಎಂದರು ಮೇದಪ್ಪನವರು ನಮ್ಮ ಕಡೆಗೆ. "ಇನ್ನೆಂತ ಸಂಶಯ?"

ನಾವೆಲ್ಲ ಸೋತೆವು ಎಂದು ನನಗನಿಸಿತು. ಗುಮಾಸ್ತ ಆಗಲೇ ಒಂದು ಕಂಪ್ಯೂಟರಿನ ಮುಂದೆ ಬಗ್ಗಿ ಲಾಗಿನ್ ಬಿಡಿಸುತ್ತಿದ್ದ. ಆಗ ಭವಿತಾ ಎದ್ದಳು. ಮೇದಪ್ಪನವರನ್ನು ನೋಡಲಿಲ್ಲ. ಅಪ್ಪನ ಮುಂದೆ ಹೋಗಿ ಮೊಣಕಾಲೂರಿ ಕುಳಿತಳು. ಎಲ್ಲರಿಗೂ ಅರ್ಥವಾಗಲಿ ಎಂದು ಕನ್ನಡದಲ್ಲೇ ಕೇಳಿದಳು.

"ಅಪ್ಪಾ, ಆ ದಿನ ಮೋಡ ಇತ್ತಾ?"

ಗುರುವಪ್ಪನಿಗೆ ಹೇಳಿಕೊಟ್ಟದ್ದು ಒಂದೇ ಶಬ್ದ. ಎರಡನೆಯ ಪ್ರಶ್ನೆ ಬರುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಅವರು ತಲೆ ಎತ್ತಿ ಮಗಳ ಮುಖ ನೋಡಿದರು. ಎಡಗೈಯಿಂದ ಬ್ಯಾಂಡೇಜು ಮುಟ್ಟಿಕೊಂಡರು.

"ಮೋಡ ಇರ್ಲಿಲ್ಲ ಮಗಾ" ಎಂದರು. "ಒಳ್ಳೇ ಬಿಸಿಲಿತ್ತು. ಧಣಿಗಳು ಅಲ್ಲೇ ಇದ್ರು."

"ಗುರುವಪ್ಪ!" ಮೇದಪ್ಪನವರ ಬೆಣ್ಣೆ ಅಲ್ಲಿಗೆ ಕರಗಿತು. "ಎಂತ ಮಾತಾಡ್ತಿದ್ದಿ ಗೊತ್ತುಂಟಾ ನಿಂಗೆ? ಎಲ್ಲಿ ಮಲಗ್ತಿ ನಾಳೆಯಿಂದ?"

"ನಾನು ಹೇಳಿದ್ದೆ ಧಣಿಗಳೇ, ಲೈನ್ ಆಫ್ ಮಾಡಿಸುವ ಅಂತ" ಎಂದರು ಗುರುವಪ್ಪ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ತೋಟದಲ್ಲಿ ನಿಂತು ಇನ್ನೊಮ್ಮೆ ಕೇಳಿಕೊಂಡ ಹಾಗಿತ್ತು. "ನೀವು ಪಂಪು ನಿಲ್ತದೆ ಅಂದ್ರಿ."

ಲೋಲಾಕ್ಷಿ ಸೆರಗು ಬಾಯಿಗೆ ಒತ್ತಿಕೊಂಡು ಅಳಲು ಶುರು ಮಾಡಿದರು. ಅಷ್ಟು ದಿನ ತಡೆದುಕೊಂಡಿದ್ದ ಭವಿತಾಳೂ ಅತ್ತಳು. ಅಪ್ಪನ ಮಡಿಲಲ್ಲಿ, ಆ ಬ್ಯಾಂಡೇಜಿನ ಪಕ್ಕದಲ್ಲಿ ತಲೆ ಇಟ್ಟು. ಮೇದಪ್ಪನವರು ಮೆಟ್ಟಿಲು ಹತ್ತಿ ಹೋದರು. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ಅವರಿಗೆ ಇರಲಿಲ್ಲ.

ಇಲ್ಲಿಗೆ ನಾವು ಗೆದ್ದೆವು ಎಂದು ಹೇಳಿದರೆ ಓದುವವರಿಗೆ ಖುಷಿಯಾಗಬಹುದು. ಆದರೆ ನಡೆದದ್ದು ಹಾಗಲ್ಲ. ಮರುದಿನವೇ ಗುರುವಪ್ಪನನ್ನು ಗಾಯ ಒಣಗುವ ಮೊದಲೇ ಡಿಸ್ಚಾರ್ಜ್ ಮಾಡಿದರು. ಅವರು ಬಿಡಾರಕ್ಕೆ ತಲುಪುವ ಹೊತ್ತಿಗೆ ಪಾತ್ರೆಗಳು ಅಂಗಳದಲ್ಲಿದ್ದವು. ಈಗ ಲೋಲಾಕ್ಷಿಯ ತಮ್ಮನ ಮನೆಯ ದನದ ಹಟ್ಟಿಯ ಪಕ್ಕದ ಕೋಣೆಯಲ್ಲಿದ್ದಾರೆ. ಕಡಬದ ಪೊಲೀಸ್ ಠಾಣೆಗೆ ನಾನು, ಸಫೀರ್, ಭವಿತಾ ಹೋದೆವು. "ಆಸ್ಪತ್ರೆಯಿಂದ ಎಂತ ಬರೆದು ಬರ್ತದೋ ನೋಡುವ" ಎಂದು ಕುಳ್ಳಿರಿಸಿ ಕಳಿಸಿದರು. ಆಸ್ಪತ್ರೆಯಿಂದ ಎಂತ ಬರೆದು ಬರುತ್ತದೆ ಎಂದು ನಮಗೆ ಗೊತ್ತಿಲ್ಲವಾ?

ಕಪಾಟು ತೆರೆಯಲಿಲ್ಲ. ನಮಗೆಲ್ಲ ನೋಟೀಸು ಬಂತು: ಶಿಸ್ತು ಉಲ್ಲಂಘನೆ, ತರಗತಿಗೆ ಪ್ರವೇಶ ಇಲ್ಲ, ತಂದೆ ತಾಯಿಯನ್ನು ಕರೆದುಕೊಂಡು ಬಂದು ತಪ್ಪೊಪ್ಪಿಗೆ ಬರೆದುಕೊಡಬೇಕು. ಉಮ್ಮ ನೋಟೀಸನ್ನು ಓದಿಸಿ ಕೇಳಿದರು. ಬೈಯುತ್ತಾರೆ ಎಂದುಕೊಂಡೆ. "ಆ ಕೈ ಹೋದ ಮನುಷ್ಯನಿಗೆ ಎಷ್ಟು ಮಕ್ಕಳು?" ಎಂದು ಕೇಳಿದರು. ಒಬ್ಬಳೇ ಎಂದೆ. "ನಾನು ಬರುದಿಲ್ಲ ಬರೆದು ಕೊಡ್ಲಿಕ್ಕೆ" ಎಂದು ಬೀಡಿಯ ಮೊರ ಮಡಿಲಿಗೆ ಎಳೆದುಕೊಂಡರು. ಕೆಲವರು ಬರೆದುಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಪ್ರೀತಿಕಾಳ ಅಪ್ಪ ಕಾಲೇಜಿನ ಗೇಟಿನಲ್ಲಿ ಅವಳಿಗೆ ಹೊಡೆದದ್ದನ್ನು ನಾನೇ ನೋಡಿದ್ದೇನೆ.

ಬರೆದುಕೊಡದವರು ದಿನಾ ಹೋಗುತ್ತೇವೆ. ಒಳಗೆ ಬಿಡುವುದಿಲ್ಲ, ಹೊರಗೆ ಹೋಗಲು ಮಾರ್ಕ್ಸ್ ಕಾರ್ಡಿಲ್ಲ. ಆಸ್ಪತ್ರೆಯ ಹಿಂದಿನ ಆಂಬ್ಯುಲೆನ್ಸ್ ಶೆಡ್ಡಿನ ಕಟ್ಟೆಯಲ್ಲಿ ಕುಳಿತುಕೊಳ್ಳುತ್ತೇವೆ.

ಮೊನ್ನೆ ಮೊದಲ ವರ್ಷದವರನ್ನು ನೀಲಿ ಗಾಜಿನ ಹಿಂದಿನಿಂದ ಕೆಳಗಿಳಿಸಿದರು. ನಮ್ಮ ಕುರ್ಚಿಗಳಲ್ಲಿ ಅವರನ್ನು ಕುಳ್ಳಿರಿಸಿದ್ದಾರೆ. ಗುರುವಪ್ಪನ ಫೈಲು ಇನ್ನೂ ಮುಚ್ಚಿಲ್ಲ. ಹಾಕಿದ ಕ್ವೆರಿಗಳೆಲ್ಲ ಅದರ ಮೇಲೆ ಕುಳಿತಿವೆ. ಅದು ಮುಚ್ಚದೆ ಸಿಡಿಲಿನ ಕಾಗದ ಆಸ್ಪತ್ರೆಯಿಂದ ಹೊರಗೆ ಹೋಗುವಂತಿಲ್ಲ. ಅದನ್ನು ಮುಚ್ಚಿಸಲಿಕ್ಕೇ ಈ ಮಕ್ಕಳನ್ನು ತಂದದ್ದು. ರಕ್ಷಿತ್ ಸರ್‌ಗೆ ಹೇಳಿದ್ದಾರಂತೆ, ಇವರಿಗೆ ಕೋಡ್ ಹಾಕುವುದಷ್ಟು ಕಲಿಸಿ, ಬೇರೆ ಪಾಠ ಬೇಡ ಎಂದು. ಸರ್ ತಲೆ ತಗ್ಗಿಸಿ ಅಷ್ಟೇ ಕಲಿಸಿದರಂತೆ.

ಮಧ್ಯಾಹ್ನದ ಬಿಡುವಿನಲ್ಲಿ ಅವರಲ್ಲಿ ಒಬ್ಬಳು ಶೆಡ್ಡಿನ ಕಡೆ ಬಂದಳು. ಸಣ್ಣ ಹುಡುಗಿ, ಹೆಸರು ತನ್ಮಯೀ. ಕೊರಳ ಐಡಿ ಕಾರ್ಡನ್ನು ಬೆರಳಿಗೆ ಸುತ್ತುತ್ತಾ ಹಿಂದೆ ಮುಂದೆ ನೋಡಿದಳು.

"ಭವಿತಕ್ಕ ಅಂದ್ರೆ ಯಾರು?"

"ನಾನು" ಎಂದಳು ಭವಿತಾ.

"ಅಕ್ಕ, ಆ ಸಿಡಿಲಿನ ಫೈಲು ನನ್ನ ಮೇಜಿಗೆ ಬಂದಿದೆ. ಅದರಲ್ಲಿ ಮೊದಲ ಕ್ವೆರಿ ನಿಮ್ಮದು. ಸರ್ ನಮಗೆ ಅದೊಂದು ಕಲಿಸ್ಲಿಲ್ಲ. ಕ್ವೆರಿ ಹಾಕುದು ಹೇಗೆ?"

ಭವಿತಾ ಪಕ್ಕಕ್ಕೆ ಸರಿದು, ಕಟ್ಟೆಯಲ್ಲಿ ಅವಳಿಗೆ ಜಾಗ ಮಾಡಿಕೊಟ್ಟಳು.